ಚಿಲಕದ ತೂತಿನ ಹೊಸ ಪ್ರಭೇದ

ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕಿ "ಈಗ ಏನ್ ನಡೆಸೀರಿ ಸರ್?" ಎಂದರೆ "ಹೀಗೇ, ಪಾಠ" ಎಂದು ಹೇಳಿ ತಪ್ಪಿಸಿಕೊಳ್ಳುವುದನ್ನು ಈಚೆಗೆ ಕಲಿತಿದ್ದೇನೆ. ಮೊದಲೆಲ್ಲ ನಿಜ ಹೇಳುತ್ತಿದ್ದೆ. ಇದುವರೆಗೆ ಯಾರೂ ಹೆಸರಿಡದ ಪರಾವಲಂಬಿ ಕಣಜಗಳನ್ನು ಹುಡುಕಿ, ಅವು ಹೇಗಿವೆ ಎಂದು ಬರೆಯುತ್ತೇನೆ ಎನ್ನುತ್ತಿದ್ದೆ. ಆಗ ಪ್ರಶ್ನೆಗಳು ಶುರುವಾಗುತ್ತಿದ್ದವು. ಕಚ್ಚುತ್ತದೆಯೇ? ತುಪ್ಪ ಕೊಡುತ್ತದೆಯೇ? ಔಷಧಿಗೆ ಬರುತ್ತದೆಯೇ? ಎಲ್ಲಕ್ಕೂ ಇಲ್ಲ ಎಂದ ಮೇಲೆ, "ಮತ್ತೆ ಅದು ಯಾಕೈತ್ರೀ?" ಎಂದು ಒಂದು ಸಲ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದರು, ಅದನ್ನು ಸೃಷ್ಟಿ ಮಾಡಿದವನು ನಾನೇ ಎಂಬಂತೆ.

ನಿಮಗಾದರೂ ಹೇಳುತ್ತೇನೆ, ಸಾವಧಾನದಿಂದ ಕೇಳಿ. ಈ ಕಣಜ ಒಂದು ಜೀರಿಗೆ ಕಾಳಿನಷ್ಟಿರುತ್ತದೆ. ಅದು ಸ್ವಂತ ಮನೆ ಕಟ್ಟುವುದಿಲ್ಲ, ಮಕ್ಕಳಿಗೆ ಉಣಿಸುವುದಿಲ್ಲ. ಬೇರೆ ಹುಳದ ಮರಿಯ ಮೇಲೆ ಮೊಟ್ಟೆಯಿಟ್ಟು ಹೋಗಿಬಿಡುತ್ತದೆ. ಇದರ ಮರಿಗಳು ಆ ಮರಿಯನ್ನೇ ತಿಂದು ಬೆಳೆದು ಹೊರಗೆ ಬರುತ್ತವೆ. ಜೇನಿನ ಬಳಗದಲ್ಲೂ ಇಂಥವಿವೆ. ಇನ್ನೊಬ್ಬರು ಕಷ್ಟಪಟ್ಟು ಕೂಡಿಟ್ಟ ಪರಾಗದುಂಡೆಯ ಮೇಲೆ ಮೊಟ್ಟೆಯಿಟ್ಟು ಹಾರಿ ಹೋಗುತ್ತವೆ. ಕೇಳಲು ಅಸಹ್ಯ, ಒಪ್ಪಿದೆ. ಆದರೆ ಈ ಸಣ್ಣ ಪಾಪಿಗಳಿಲ್ಲದಿದ್ದರೆ ನಮ್ಮ ಭತ್ತ, ಜೋಳವೆಲ್ಲ ಹುಳುಗಳ ಪಾಲಾಗಿ ನಮಗೆ ಹುಲ್ಲು ಮಾತ್ರ ಉಳಿಯುತ್ತಿತ್ತು. ಇಷ್ಟನ್ನು ಹೇಳಿ ಮುಗಿಸುವುದರೊಳಗೆ ಎದುರಿನವರ ಬಸ್ಸು ಬಂದಿರುತ್ತದೆ.

ಇನ್ನು ವಿವರಿಸುವ ಕೆಲಸ. ಹುಳವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅದರ ಮೀಸೆಯಲ್ಲಿ ಎಷ್ಟು ಗಂಟು, ಎಷ್ಟನೆಯ ಗಂಟು ಉದ್ದ, ಕೆನ್ನೆಯ ಮೇಲೆ ಕೂದಲಿದೆಯೇ, ಇದ್ದರೆ ಯಾವ ಕಡೆ ಬಾಗಿದೆ ಎಂದೆಲ್ಲ ನೋಡಿ ಬರೆಯಬೇಕು. ಬಳ್ಳಿಗಾವಿಯ ಗುಡಿಯ ಕಂಬಗಳನ್ನು ಕಡೆದವರಿಗೆ ಇಂಥ ತಾಳ್ಮೆ ಇದ್ದಿರಬೇಕು. ಆದರೆ ಅವರ ಕೆಲಸವನ್ನು ನೋಡಲು ಇವತ್ತಿಗೂ ಜನ ಬರುತ್ತಾರೆ. ನಾನು ಬರೆದದ್ದನ್ನು ಭೂಮಿಯ ಮೇಲೆ ಓದುವ ಮಂದಿಯೆಲ್ಲ ಒಂದೇ ಆಟೋದಲ್ಲಿ ಕೂರಬಹುದು, ಅವರಲ್ಲೂ ಕೆಲವರು ಒಬ್ಬರಿಗೊಬ್ಬರು ಮಾತು ಬಿಟ್ಟವರು. ಒಂದು ಭಾನುವಾರ ಬೆಳಗಿನಿಂದ ಕಣ್ಣು ಕೀಲಿಸಿ ಕೂತಿದ್ದ ನನ್ನನ್ನು ನೋಡಿ ನನ್ನ ಹೆಂಡತಿ, "ಹೆಣ್ಣು ನೋಡಕ್ಕೆ ಬಂದಾಗ ನೀವು ನನ್ನ ಇಷ್ಟು ಹೊತ್ತು ನೋಡಿರ್ಲಿಲ್ಲ" ಎಂದು ಕಾಫಿ ಕುಕ್ಕಿ ಹೋದಳು. ಆವತ್ತು ಉಪ್ಪಿಟ್ಟಿನ ಮೇಲೆ ಗಮನವಿತ್ತು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಹುಳ ಹಿಡಿಯುವುದೂ ಸುಲಭವಲ್ಲ. ಹಳದಿ ತಟ್ಟೆಯಲ್ಲಿ ಸೋಪಿನ ನೀರು ಹಾಕಿ ಬದುವಿನ ಮೇಲಿಟ್ಟರೆ ಕಣಜಗಳು ಹೂವೆಂದು ಭ್ರಮಿಸಿ ಬಂದು ಬೀಳುತ್ತವೆ. ಬೆಂಗಳೂರಿನ ತಜ್ಞರು ಇಷ್ಟನ್ನೇ ಹೇಳಿಕೊಟ್ಟಿದ್ದರು. ಮೂರು ದಾರಿ ಕೂಡುವಲ್ಲಿ ಹಳದಿ ತಟ್ಟೆ ಇಟ್ಟರೆ ನಮ್ಮ ಜನ ಏನೆಂದು ತಿಳಿಯುತ್ತಾರೆ ಎಂಬುದನ್ನು ಅವರು ಹೇಳಿರಲಿಲ್ಲ. ಗುಡವಿಯ ಕೆರೆಯ ಹತ್ತಿರ ಸಾಲಾಗಿ ತಟ್ಟೆಗಳನ್ನಿಟ್ಟು ಮಾರನೆಯ ದಿನ ಹೋದರೆ ಯಾರೋ ಮಾಟವೆಂದು ಹೆದರಿ, ಪ್ರತಿಯೊಂದಕ್ಕೂ ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ ಹಾಕಿ ಹೋಗಿದ್ದರು. ಕೆಂಪು ನೀರಿನಲ್ಲಿ ನನ್ನ ಕಣಜಗಳೆಲ್ಲ ಕೆಂಪಾಗಿ ತೇಲುತ್ತಿದ್ದವು. ಹುಳದ ಬಣ್ಣವನ್ನು ಖಚಿತವಾಗಿ ಬರೆಯಬೇಕಾದ ಮನುಷ್ಯನ ಗತಿ ಏನಾಗಬೇಕು ನೀವೇ ಹೇಳಿ.

ಆ ಕುಂಕುಮದಿಂದ ಪಾರಾಗಿ ಕೊನೆಯ ತಟ್ಟೆಯ ಅಂಚಿಗೆ ಅಂಟಿಕೊಂಡು ಒಂದೇ ಒಂದು ಹಸಿರು ಕಣಜ ಉಳಿದಿತ್ತು. ನವಿಲಿನ ಕುತ್ತಿಗೆಯ ಹಸಿರು, ಸೊಂಟದ ಹತ್ತಿರ ತಾಮ್ರದ ಹೊಳಪು. ಹೆಣ್ಣು. ಯಾವ ಗ್ರಂಥದಲ್ಲೂ ಇಲ್ಲದ ಹೆಣ್ಣು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ವಾರವಿಡೀ ತರಗತಿಯಲ್ಲಿ ಯಾರನ್ನೂ ಬೈಯಲಿಲ್ಲ. ಹಗಲೂ ರಾತ್ರಿ ಕೂತು ವಿವರಣೆ ಬರೆದು ವಿಜ್ಞಾನದ ಪತ್ರಿಕೆಗೆ ಕಳಿಸಿದೆ. ಇಂಥ ಬರಹಗಳನ್ನು ಹೆಸರು ಹೇಳದ ಒಬ್ಬ ಪರಿಶೀಲಕ ಓದಿ ತೀರ್ಪು ಕೊಡುತ್ತಾನೆ. ಯಾವ ದೇಶದವನೋ, ಯಾವ ಹೊತ್ತಿನಲ್ಲಿ ಎದ್ದವನೋ, ಅವನ ತೀರ್ಪು ಬಂತು. ಹೆಣ್ಣೊಂದನ್ನೇ ಪರೀಕ್ಷಿಸಿ ಬರೆದದ್ದನ್ನು ಒಪ್ಪಲಾಗದು, ಗಂಡನ್ನೂ ಪರೀಕ್ಷಿಸಿ ಬರೆಯತಕ್ಕದ್ದು. ಗಂಡು ಬೇಕೇಬೇಕು ಎಂದು ನಿಯಮವೇನೂ ಇಲ್ಲ. ಲೋಕದಲ್ಲಿ ಎಷ್ಟೋ ಪ್ರಭೇದಗಳು ಹೆಣ್ಣಿನ ಬಲದ ಮೇಲೇ ನಿಂತಿವೆ. ಇವನಿಗೆ ಮಾತ್ರ ಗಂಡು ಬೇಕು. ಆ ದಿನ ನಾನು ಅವನನ್ನು ಬೈದ ಬೈಗುಳಗಳನ್ನು ಇಲ್ಲಿ ಬರೆದರೆ ಸಂಪಾದಕರು ಈ ಪ್ರಬಂಧವನ್ನೂ ವಾಪಸು ಕಳಿಸುತ್ತಾರೆ.

ಮತ್ತೆ ಗುಡವಿಗೆ ಹೋದೆ, ತಟ್ಟೆ ಇಟ್ಟೆ, ನಿಂಬೆಹಣ್ಣು ಸಿಕ್ಕಿತು, ಗಂಡು ಸಿಗಲಿಲ್ಲ. ಅದು ಸಿಕ್ಕಿದ್ದು ಅದೇ ಸೊರಬ ತಾಲ್ಲೂಕಿನಲ್ಲಿ, ಚಂದ್ರಗುತ್ತಿಯ ದಾರಿಯಲ್ಲಿರುವ ನನ್ನ ಅಕ್ಕ ಗಿರಿಜಕ್ಕನ ಮನೆಯಲ್ಲಿ. ಸಿಕ್ಕಿತು ಎಂದು ಸುಲಭವಾಗಿ ಬರೆದುಬಿಟ್ಟೆ.

ಅಕ್ಕನ ಮಗ ನಾಗರಾಜ ಸೊರಬದಲ್ಲಿ ಪೈಪು, ಮೋಟಾರಿನ ಅಂಗಡಿ ಇಟ್ಟಿದ್ದಾನೆ. ಅವನ ಹೆಂಡತಿ ಸುಮಂಗಲಾ. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿಲ್ಲ. ಅಕ್ಕ ಈ ಸೊಸೆಯನ್ನು ಸೊರಬ, ಸಾಗರ, ಶಿವಮೊಗ್ಗದ ಡಾಕ್ಟರುಗಳಿಗೆಲ್ಲ ತೋರಿಸಿದ್ದಳು. ಅವರೆಲ್ಲ ಸುಮಂಗಲೆಯಲ್ಲಿ ಏನೂ ದೋಷವಿಲ್ಲ, ಗಂಡನನ್ನು ಕರೆದುಕೊಂಡು ಬನ್ನಿ ಎಂದಿದ್ದರು. ಹಾಗೆಂದ ಡಾಕ್ಟರನ್ನೇ ಅಕ್ಕ ಬದಲಾಯಿಸುತ್ತಿದ್ದಳು. "ನಮ್ಮ ಹುಡುಗಗೆ ಏನಾಗೈತೆ, ಕಲ್ಲುಗುಂಡಿನಂಗೆ ಅದಾನೆ" ಎನ್ನುವುದು ಅವಳ ವಾದ. ನಾಗರಾಜ ಈ ಮಾತು ಬಂದಾಗೆಲ್ಲ ಫೋನ್ ನೋಡುತ್ತಾ ಅಂಗಳಕ್ಕೆ ಇಳಿಯುತ್ತಿದ್ದ.

ಹೀಗಿರುವಾಗ ಅವರ ಮನೆಯಲ್ಲಿ ಕುಂಬಾರ ಹುಳ ಗೂಡು ಕಟ್ಟಿತು. ಮಣ್ಣಿನ ಸಣ್ಣ ಗಡಿಗೆ ಮಾಡಿ ಅದರೊಳಗೆ ಮೊಟ್ಟೆಯಿಡುವ ಕಣಜವದು. ಅದು ಮನೆಯೊಳಗೆ ಗೂಡು ಕಟ್ಟಿದರೆ ಆ ಮನೆಯಲ್ಲಿ ತೊಟ್ಟಿಲು ಕಟ್ಟುತ್ತಾರೆ ಎಂದು ನಮ್ಮ ಕಡೆ ನಂಬುತ್ತಾರೆ. ಅದೂ ಅದು ಕಟ್ಟಿದ್ದು ನಾಗರಾಜ, ಸುಮಂಗಲೆಯರ ಕೋಣೆಯ ಬಾಗಿಲ ಚೌಕಟ್ಟಿನಲ್ಲಿ, ಚಿಲಕ ಕೂರುವ ತೂತಿಗೆ ಸರಿಯಾಗಿ. ಅಕ್ಕನಿಗೆ ಆಕಾಶ ಕೈಗೆ ಸಿಕ್ಕಿತು. ಗೂಡಿಗೆ ಅರಿಸಿನ, ಕುಂಕುಮ ಹಚ್ಚಿ, ಅದನ್ನು ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದಳು. ಶಿವಮೊಗ್ಗದ ಇನ್ನೊಬ್ಬ ಡಾಕ್ಟರಿಗೆ ತೋರಿಸುವ ಮಾತನ್ನೂ ಅಲ್ಲಿಗೆ ಬಿಟ್ಟಳು. ಹುಳವೇ ಬಂದ ಮೇಲೆ ಡಾಕ್ಟರು ಯಾಕೆ?

ಹೆಂಡತಿಯ ಜೊತೆ ಆ ಮನೆಗೆ ಹೋಗಿದ್ದಾಗ ನನ್ನ ಕಣ್ಣಿಗೆ ಗೂಡು ಬಿತ್ತು, ಗೂಡಿನ ಮೇಲೆ ಕೂತಿದ್ದ ನನ್ನ ಹಸಿರು ಹೆಣ್ಣಿನ ಜಾತಿಯದೇ ಇನ್ನೊಂದೂ ಬಿತ್ತು. ಅದು ಬಾಲದ ಸೂಜಿಯನ್ನು ಮಣ್ಣಿಗೆ ಚುಚ್ಚಿ ಆರಾಮವಾಗಿ ಮೊಟ್ಟೆಯಿಡುತ್ತಿತ್ತು. ಅಂದರೆ ಒಳಗಿರುವ ಕುಂಬಾರ ಹುಳದ ಮರಿಯ ಕತೆ ಮುಗಿದ ಹಾಗೆ. ಕೆಲವು ವಾರಗಳಲ್ಲಿ ಆ ಗಡಿಗೆಯಿಂದ ಹಸಿರು ಕಣಜಗಳು ಬರುತ್ತವೆ, ಅವುಗಳಲ್ಲಿ ಗಂಡೂ ಇರುತ್ತದೆ.

"ಅಕ್ಕಾ, ಈ ಗೂಡು ನಂಗೆ ಬೇಕು" ಎಂದೆ.

"ನಿಂಗೆ ಎರಡು ಮಕ್ಕಳಾಗಿದಾವೆ. ಇನ್ನೆಂಥಕ್ಕೆ?" ಎಂದಳು ಅಕ್ಕ.

ವಿಜ್ಞಾನಕ್ಕೆ ಎಂದೆ. ವಿಜ್ಞಾನ ಬೇರೆ ಕಡೆ ಹುಡುಕಿಕೊಳ್ಳಲಿ ಎಂದಳು. ಗೂಡಿನೊಳಗೆ ನಿಜವಾಗಿ ಆಗುತ್ತಿರುವುದು ಏನೆಂಬುದು ನಾಲಗೆಯ ತುದಿಗೆ ಬಂತು. ಹುಳದ ವಿಷಯದಲ್ಲಿ ಯಾರು ತಪ್ಪು ಹೇಳಿದರೂ ತಿದ್ದದೆ ನನಗೆ ಅನ್ನ ಸೇರುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಕೂತು ಜೇಡ ಕೀಟವಲ್ಲ ಎಂದು ವಾದಿಸಿ ಪಾಯಸ ತಪ್ಪಿಸಿಕೊಂಡವನು ನಾನು. ಆದರೆ ಅಕ್ಕನ ಹಿಂದೆ ಸುಮಂಗಲಾ ನೀರಿನ ಚೊಂಬು ಹಿಡಿದು ನಿಂತಿದ್ದಳು. ಶುಭ ಶಕುನದ ಗೂಡಿನಲ್ಲಿ ಮರಿ ಸತ್ತಿದೆ ಎಂದರೆ ಆ ಸಾವನ್ನು ಈ ಮನೆಯಲ್ಲಿ ಯಾರ ಲೆಕ್ಕಕ್ಕೆ ಬರೆಯುತ್ತಾರೆಂದು ನನಗೆ ಗೊತ್ತಿತ್ತು. ನಾಲಗೆ ಕಚ್ಚಿಕೊಂಡು ನೀರು ಕುಡಿದೆ.

ಕೊನೆಗೆ ಒಂದು ಒಪ್ಪಂದವಾಯಿತು. ಗೂಡನ್ನು ಮುಟ್ಟದೆ, ಅದರ ಮೇಲೆ ಸೊಳ್ಳೆ ಪರದೆಗಿಂತ ನಯವಾದ ಬಟ್ಟೆಯ ಚೀಲ ಅಂಟಿಸಿದೆ. "ಬಾಣಂತಿಗೆ ಗಾಳಿ ಬಡೀಬಾರ್ದು ನೋಡು" ಎಂದು ಅಕ್ಕನೇ ಗೋಂದು ಹಚ್ಚಿಕೊಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಏನೆಂದರೆ ಹೇಳಳು. ಶಿರಾಳಕೊಪ್ಪ ದಾಟಿದ ಮೇಲೆ ಹೇಳಿದಳು. ತೂತಿನಲ್ಲಿ ಗೂಡಿರುವುದರಿಂದ ಆ ಕೋಣೆಯ ಬಾಗಿಲಿಗೆ ಚಿಲಕ ಹಾಕುವ ಹಾಗಿಲ್ಲ. ಬಾಗಿಲು ಜೋರಾಗಿ ಮುಚ್ಚಿದರೆ ಗೂಡು ಬಿರಿಯುತ್ತದೆಂದು ಅಕ್ಕ ಅದಕ್ಕೊಂದು ಇಟ್ಟಿಗೆ ಒರಗಿಸಿದ್ದಾಳೆ. ದಿನಕ್ಕೆ ಹತ್ತು ಸಲ ಹುಳವನ್ನು ನೋಡಲು ಬರುತ್ತಾಳೆ. "ಪಾಪ, ಮಗು ಆಗ್ಲಿ ಅಂತ ಕಾಯ್ತಾರೆ, ಬಾಗ್ಲು ಮಾತ್ರ ಹಾಕಕ್ಕೆ ಬಿಡಲ್ಲ" ಎಂದು ಹೆಂಡತಿ ಮತ್ತೆ ನಕ್ಕಳು. ನನಗೆ ನಗು ಬರಲಿಲ್ಲ. ಒಂದು ಸರಳವಾದ ಸಂಗತಿ ನಡೆಯಲೆಂದು ಕಾಯುವ ಈ ಮನುಷ್ಯಜಾತಿ ಅದರ ಬಾಗಿಲಿಗೇ ಇಟ್ಟಿಗೆ ಇಟ್ಟು ಕೂರುತ್ತದಲ್ಲ ಎಂದು ರೇಗಿಹೋಯಿತು.

ಕೆಲವು ವಾರಗಳ ಮೇಲೆ ಅಕ್ಕನ ಫೋನು ಬಂತು. "ತಮ್ಮಾ, ಮರಿ ಬಂದಾವೆ, ಬಾ." ಓಡಿದೆ. ಬಟ್ಟೆಯ ಚೀಲದೊಳಗೆ ಹಸಿರು ಕಣಜಗಳು ಗಿಜಿಗುಡುತ್ತಿದ್ದವು. ಸಣ್ಣ ದೇಹ, ಉದ್ದ ಮೀಸೆ, ಬಾಲದಲ್ಲಿ ಸೂಜಿಯಿಲ್ಲ. ಗಂಡುಗಳು. ಸೀಸೆ ತೆಗೆದು ಒಂದಿಷ್ಟನ್ನು ಅದರೊಳಗೆ ಬಿಟ್ಟುಕೊಂಡೆ. ಅಕ್ಕ ಪಕ್ಕದಲ್ಲಿ ನಿಂತು, "ತಾಯಿ ಕರ್ರಗಿತ್ತು, ಇವು ಎಂಥ ಹಸಿರು ನೋಡು. ಒಂದ್ ಗೂಡಾಗೆ ಎಷ್ಟೊಂದ್ ಮಕ್ಕಳು. ಸಣ್ಣವಾದಾವೆ, ಬೆಳೀತಾವೆ ಬಿಡು" ಎಂದಳು. ರೆಕ್ಕೆ ಬಂದ ಹುಳ ಮತ್ತೆ ಬೆಳೆಯುವುದಿಲ್ಲ. ಇದನ್ನು ಹೇಳದೆ ಇರಲು ನಾನು ಪಟ್ಟ ಕಷ್ಟ ನಿಮಗೆ ಅರ್ಥವಾಗಲಿಕ್ಕಿಲ್ಲ.

ಹೇಳದೆ ಉಳಿದದ್ದರಿಂದಲೂ ಆದದ್ದು ಅನ್ಯಾಯವೇ. ಅಕ್ಕ ಈಗ ಶಕುನ ಕೈಗೂಡಿತೆಂದು ತಿಳಿದು, ಇನ್ನೂ ಒಂದೆರಡು ವರ್ಷ ಕಾಯಲು ಸಿದ್ಧಳಾಗಿಬಿಟ್ಟಿದ್ದಳು. ಸುಮಂಗಲೆಯ ಮುಖದಲ್ಲಿ ಆ ವರ್ಷಗಳು ಆಗಲೇ ಕಾಣುತ್ತಿದ್ದವು. ಮರಿ ಸತ್ತಿತೆಂದರೂ ಅವಳಿಗೇ ಪೆಟ್ಟು, ಬದುಕಿತೆಂದರೂ ಅವಳಿಗೇ. ನಡುಮನೆಯಲ್ಲಿ ಎಲ್ಲರೂ ಚಹಾಕ್ಕೆ ಕೂತೆವು. ನಾಗರಾಜನೂ ಇದ್ದ.

"ಒಂದು ಹೆಣ್ಣು ಮೊದ್ಲೇ ಸಿಕ್ಕಿತ್ತಲ್ಲ, ಮತ್ತೆ ಇಷ್ಟು ಒದ್ದಾಡಿದ್ಯಾಕೆ?" ಎಂದು ಅಕ್ಕ ಕೇಳಿದಳು.

ಪರಿಶೀಲಕನ ನೆನಪಾಗಿ ನನಗೆ ಮತ್ತೆ ಸಿಟ್ಟು ಬಂತು. "ಒಬ್ಬ ಮಹಾನುಭಾವ ಅದಾನಕ್ಕ. ಹೆಣ್ಣಿನ ಕೂದಲು ಕೂದಲೂ ಎಣಿಸಿ ಕಳಿಸಿದ್ರೂ ಒಪ್ಪಲಿಲ್ಲ. ಹೆಣ್ಣು ಒಂದನ್ನೇ ಪರೀಕ್ಷೆ ಮಾಡಿದ್ರೆ ಆಗಲ್ಲ, ಗಂಡನ್ನೂ ಪರೀಕ್ಷೆ ಮಾಡ್ಬೇಕು, ಅಲ್ಲೀವರೆಗೆ ಏನೂ ಹೇಳಕ್ಕೆ ಬರಲ್ಲ ಅಂತಾನೆ" ಎಂದೆ.

ಸುಮಂಗಲಾ ಅತ್ತೆಯ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದಳು. ತಲೆ ಎತ್ತದೆ, ತುಂಬ ಮೆಲ್ಲಗೆ ಹೇಳಿದಳು: "ಹುಳಕ್ಕಾದ್ರೂ ಹಂಗೆ ಹೇಳೋರು ಒಬ್ರು ಅದಾರಲ್ಲ, ಮಾವಾ."

ನಾಗರಾಜ ಜೇಬಿಗೆ ಕೈ ಹಾಕಿದ, ಫೋನು ಒಳಗೆ ಚಾರ್ಜಿಗಿತ್ತು. ಅಕ್ಕ ಸೊಸೆಯನ್ನು ನೋಡಿದಳು. ಅಷ್ಟು ವರ್ಷ ಡಾಕ್ಟರುಗಳ ಬೆಂಚಿನ ಮೇಲೆ ಪಕ್ಕದಲ್ಲೇ ಕೂತಿದ್ದರೂ ಅವಳನ್ನು ಹಾಗೆ ನೋಡಿದ್ದು ನಾನು ಕಂಡಿರಲಿಲ್ಲ. ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಮಗನ ಕಡೆ ತಿರುಗಿ, "ನಾಗಾ, ನಾಳೆ ಅಂಗಡಿ ತೆಗೀಬ್ಯಾಡ. ಶಿವಮೊಗ್ಗದ ಬಸ್ ಹತ್ತು. ಈ ಸಲ ನಾ ಬರಲ್ಲ, ನೀವಿಬ್ರೇ ಹೋಗಿ ಬರ್ರಿ" ಎಂದಳು.

ಅಲ್ಲಿ ಏನು ಗೊತ್ತಾಯಿತು ಎಂಬುದು ಅವರಿಬ್ಬರ ವಿಷಯ, ನಾನೂ ಕೇಳಿಲ್ಲ. ಗಂಡಿನ ವಿವರಣೆಯನ್ನು ಸೇರಿಸಿ ಬರಹವನ್ನು ಮತ್ತೆ ಕಳಿಸಿದೆ. ಅದರ ಜೊತೆ ಪರಿಶೀಲಕನಿಗೆ ಎರಡು ಸಾಲು ಬರೆಯುವುದು ಪದ್ಧತಿ. ಎಷ್ಟೋ ತಿಂಗಳಿಂದ ಕೂಡಿಟ್ಟುಕೊಂಡಿದ್ದ ಖಾರದ ಮಾತುಗಳಿದ್ದವು, ಅವನ್ನೆಲ್ಲ ಅಳಿಸಿದೆ. ಗಂಡನ್ನೂ ಪರೀಕ್ಷಿಸಬೇಕೆಂಬ ತಮ್ಮ ಸಲಹೆಯಿಂದ ಬಹಳ ಉಪಕಾರವಾಯಿತು ಎಂದು ಬರೆದೆ. ಯಾರಿಗೆ ಎಂದು ಬರೆಯಲಿಲ್ಲ.