ಹನ್ನೊಂದು ತೂತಿನ ಕೋಟು

ವಸಂತಿಯಕ್ಕ ನನ್ನ ಅಂಗಡಿಯಲ್ಲಿ ಒಂಬತ್ತು ವರ್ಷ ಹೊಲಿದರು. ನಾರ್ತ್ ಯಾರ್ಕಿನ ಒಂದು ಅಪಾರ್ಟ್‌ಮೆಂಟಿನ ಕೆಳಗೆ, ಸಬ್‌ವೇ ಮೆಟ್ಟಿಲ ಪಕ್ಕ, ಎರಡು ಮೆಷಿನ್ನಿನ ಆಲ್ಟರೇಷನ್ ಅಂಗಡಿ ನನ್ನದು. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು ನನಗೂ ಬರುತ್ತದೆ. ತೂತು ಬಿದ್ದ ಉಣ್ಣೆಯನ್ನು ಎಳೆಗೆ ಎಳೆ ಕೂಡಿಸಿ ಮುಚ್ಚುವ ಕೈ ಮಾತ್ರ ಅವರದು. ಊರಿನಲ್ಲಿ, ಕಾಪುವಿನಲ್ಲಿ, ಗಂಡ ತೀರಿಕೊಂಡ ಮೇಲೆ ಈ ದೇಶಕ್ಕೆ ಮಗಳ ಮನೆಗೆಂದು ಬಂದವರು, ಮಗಳ ಹಂಗು ಬೇಡವೆಂದು ಈ ಕೆಲಸ ಹಿಡಿದರು. "ನನ್ನ ಕೈಯಿಂದ ಹೋದ ಬಟ್ಟೆ ತಿರುಗಿ ಬಂದದ್ದಿಲ್ಲ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಏಕೆಂದರೆ ಮಾತು ನಿಜವಾಗಿತ್ತು.

ಹೋದ ನವೆಂಬರಿನಲ್ಲಿ ಒಬ್ಬ ಹುಡುಗಿ ಕಪ್ಪು ಕೋಟು ತಂದಳು. ಒಂದು ತೋಳು ಉದ್ದ, ಒಂದು ಗಿಡ್ಡ. ಅಂಚಿನಲ್ಲಿ ನೂಲು ಜೋತಾಡುತ್ತಿತ್ತು. ಮೈತುಂಬ ತೂತು. ತೀರಿಕೊಂಡ ಅಮ್ಮನದಂತೆ. ಒಳಗಿನ ಲೈನಿಂಗ್ ಬಿಟ್ಟಿದೆ, ಅದನ್ನಷ್ಟೇ ಹೊಲಿಯಿರಿ, ಬೇರೇನೂ ಮುಟ್ಟಬೇಡಿ ಎಂದಳು. ನನ್ನ ಕಿವಿಯಲ್ಲಿ ಫೋನಿತ್ತು. ತಲೆಯಾಡಿಸಿದೆ. ಚೀಟಿಯಲ್ಲಿ "ರಿಪೇರಿ, ಗುರುವಾರ" ಎಂದಷ್ಟೇ ಗೀಚಿದೆ.

"ಇಲಿ ತಿಂದು ಬಿಟ್ಟದ್ದು ಕಾಣ್ತದೆ, ವಸಂತಿಯಕ್ಕ. ಆ ಹುಡುಗಿಯ ತೀರಿಹೋದ ಅಮ್ಮಂದಂತೆ. ಎಂತಾದ್ರೂ ಮಾಡಿ ಚಂದ ಮಾಡಿ ಕೊಡಿ."

"ಸತ್ತ ತಾಯಿದು ಹರಿದದ್ದು ಮಕ್ಕಳು ಹಾಕ್ಲಿಕ್ಕಿಲ್ಲ ಮಾರಾಯ್ತಿ. ಕೊಡು ಇಲ್ಲಿ."

ಮೂರು ದಿನ ಅವರು ಕತ್ತೆತ್ತಲಿಲ್ಲ. ಹನ್ನೊಂದು ತೂತು ಮುಚ್ಚಿದರು. ಜೋತಾಡುವ ಅಂಚು ಕತ್ತರಿಸಿ ಮಡಚಿದರು. ತೋಳುಗಳನ್ನು ಸರಿಸಮ ಮಾಡಿದರು. ಟ್ಯೂಬ್‌ಲೈಟಿಗೆ ಹಿಡಿದು ಹುಡುಕಿದೆ, ಒಂದು ತೂತಿನ ಗುರುತೂ ಸಿಗಲಿಲ್ಲ.

ಗುರುವಾರ ಆ ಹುಡುಗಿ ಕೋಟಿನ ಮೇಲೆಲ್ಲ ಬೆರಳಾಡಿಸಿ ನೋಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಅದು ಹಿಸಾಯೊ ಮುರಾಕಿ ಎಂಬ ಜಪಾನಿ ಹೆಂಗಸು ಮಾಡಿದ ಕೋಟು. ಫೋನಿನಲ್ಲಿ ಚಿತ್ರಗಳನ್ನು ತೋರಿಸಿದಳು. ಹೊಲಿಗೆ ಕಲಿಯದವಳು, ಗಿರಣಿಯಲ್ಲಿ ಕೆಟ್ಟುಹೋದ ಬಟ್ಟೆಯನ್ನೇ ಆರಿಸಿ ತಂದು ಉಡುಪು ಮಾಡಿದವಳು. ಪ್ಯಾರಿಸ್ಸಿನಲ್ಲಿ ಮೊದಲ ಸಲ ತೋರಿಸಿದಾಗ ಭಿಕ್ಷುಕರ ಬಟ್ಟೆ ಎಂದು ನಕ್ಕರಂತೆ. ಹತ್ತು ವರ್ಷದಲ್ಲಿ ನಕ್ಕವರೇ ಅವಳನ್ನು ನಕಲು ಮಾಡಿದರು. ಇಂದು ಮಾಲಿನಲ್ಲಿ ಮಂಡಿ ಹರಿದ ಜೀನ್ಸ್ ತೊಟ್ಟು ತಿರುಗುವವರಿಗೆ ಅವಳ ಹೆಸರೂ ಗೊತ್ತಿಲ್ಲ. ಪ್ರತಿಯೊಂದು ತೂತನ್ನೂ ಅವಳು ಮೊದಲು ಕಾಗದದ ಮೇಲೆ ಅಳೆದು ಬರೆಯುತ್ತಿದ್ದಳು. ಅವಳ ನಲವತ್ತು ವರ್ಷದ ಕೆಲಸದ ಪ್ರದರ್ಶನ ಡೌನ್‌ಟೌನಿನಲ್ಲಿ ನಡೆಯುವುದಿತ್ತು. ಅಲ್ಲಿ ಈ ಕೋಟು ನಿಲ್ಲಬೇಕಿತ್ತು, ಕೆಳಗೆ, ಇಷ್ಟು ವರ್ಷ ಅದನ್ನು ಇಟ್ಟುಕೊಂಡಿದ್ದ ಅಮ್ಮನ ಹೆಸರಿನೊಂದಿಗೆ.

"ಮುಟ್ಟಬೇಡಿ ಅಂದಿದ್ದೆನಲ್ಲ" ಎಂದು ಹುಡುಗಿ ನನ್ನ ಮುಖ ನೋಡಿದಳು.

"ನಾನು ಇವರಿಗೆ ಹೇಳಿದ್ದೆ, ಇವರೇ ತಮ್ಮಷ್ಟಕ್ಕೆ ಮಾಡಿಬಿಟ್ಟರು" ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟು ಇಂಗ್ಲಿಷು ವಸಂತಿಯಕ್ಕನಿಗೆ ಅರ್ಥವಾಗುತ್ತದೆ. ಅವರು ಹುಡುಗಿಯ ಕೈಯಿಂದ ಕೋಟು ತೆಗೆದುಕೊಂಡು ತಮ್ಮ ಮೆಷಿನ್ನಿನ ಬಳಿಗೆ ಹೋದರು.

ಎರಡು ವಾರ ಕುಳಿತು ತಾವೇ ಹಾಕಿದ ಎಳೆಗಳನ್ನು ಒಂದೊಂದಾಗಿ ಬಿಚ್ಚಿದರು. ತೂತುಗಳೇನೋ ತೆರೆದವು, ಮೊದಲಿನ ಆಕಾರ ಬರಲಿಲ್ಲ. ಕತ್ತರಿಸಿದ ಅಂಚು ಕಸದ ಜೊತೆ ಎಂದೋ ಹೋಗಿತ್ತು. ಪ್ರದರ್ಶನದವರು ಕೋಟನ್ನು ಬೇಡವೆಂದರು. ಅದು ಗೊತ್ತಾದ ಸಂಜೆ "ನಾಳೆಯಿಂದ ನಾನು ಬರುದಿಲ್ಲ" ಎಂದು ವಸಂತಿಯಕ್ಕ ಹೊರಟರು. ನಾನು ತಡೆಯಲಿಲ್ಲ. ನಾಚಿಕೆಗೇಡಿನ ಮಾತು, ಆಗ ನನಗೆ ಹಗುರವೆನಿಸಿತ್ತು.

ಮಾರ್ಚಿನಲ್ಲಿ ಅವರ ಮನೆಗೆ ಹೋದೆ. ಒಂದು ವೇರ್‌ಹೌಸಿನಲ್ಲಿ ಡಬ್ಬಕ್ಕೆ ಟೇಪು ಅಂಟಿಸುವ ಕೆಲಸ ಮಾಡುತ್ತಿದ್ದರು. ಸ್ವೆಟರಿನ ಮೊಣಕೈ ಹರಿದಿತ್ತು.

"ವಾಪಸ್ ಬನ್ನಿ ವಸಂತಿಯಕ್ಕ. ನಿಮ್ಮ ಕೈ ಬೇಕು ನನಗೆ."

"ಆಗುದಿಲ್ಲ. ಈಗ ತೂತು ಕಂಡ್ರೆ ಸೂಜಿ ಕೆಳಗೆ ಇಡ್ತೇನೆ. ಮುಚ್ಚುದಾ ಬಿಡುದಾ, ಎಂತ ಅಂತ ಗೊತ್ತಾಗುದಿಲ್ಲ."

ಕೊನೆಗೆ ಹೇಳಿಬಿಟ್ಟೆ. "ಅವಳು ಮುಟ್ಟಬೇಡಿ ಅಂತ ಹೇಳಿದ್ದು ನನ್ನ ಹತ್ರ. ನಿಮಗೆ ನಾನು ಹೇಳ್ಲೇ ಇಲ್ಲ. ತಪ್ಪು ನಂದು."

ವಸಂತಿಯಕ್ಕ ಶಿಫ್ಟಿಗೆಂದು ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ಅದು ನನಗೆ ಗೊತ್ತುಂಟು, ಗಿರಿಜಾ. ಆ ಹುಡುಗಿಗೆ ಗೊತ್ತಿಲ್ಲ."