ಕರಡಿಯ ದಾರಿಯಲ್ಲಿ ಕೂ ಹಾಕಿದ್ದು

ಹೊಸಂಗಡಿಯಲ್ಲಿ ಹುಟ್ಟಿ ಬೆಳೆದ ನನಗೆ ಲಾರಿ, ಬಸ್ಸುಗಳಿಂದ ತಪ್ಪಿಸಿಕೊಳ್ಳುವುದು ಚೆನ್ನಾಗಿ ಗೊತ್ತಿತ್ತು. ಕರಡಿಯಿಂದ ತಪ್ಪಿಸಿಕೊಳ್ಳುವುದನ್ನು ಕಲಿಯಬೇಕಾದದ್ದು ಮದುವೆಯಾದ ಮೇಲೆ. ಗಂಡನ ಮನೆ ಪಾಣತ್ತೂರಿನಿಂದಲೂ ಆಚೆ, ಗಡಿಯಾಚೆಯ ಕರ್ನಾಟಕದ ಕಾಡಿಗೆ ತಾಗಿದ ಗುಡ್ಡದ ಬುಡದಲ್ಲಿ. ಸಂಬಂಧ ಕುದುರಿಸುವಾಗ ನಮ್ಮವರು ಹುಡುಗನ ಕೆಲಸ, ಗುಣ, ಜಾತಕ ಎಲ್ಲವನ್ನೂ ವಿಚಾರಿಸಿದ್ದರು. ಆ ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಮಾತ್ರ ಒಬ್ಬರೂ ಕೇಳಿರಲಿಲ್ಲ.

ನೀರು ಬರುತ್ತಿದ್ದದ್ದು ಸುರಂಗದಿಂದ. ಬಾವಿ ತೋಡಿದರೆ ಬಂಡೆ ಸಿಗುವ ಜಾಗದಲ್ಲಿ ನಮ್ಮ ಕಡೆಯವರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ದೊಡ್ಡದಾಗಿ ತೋಡುತ್ತಾರೆ. ಒಳಗೆ ಜಿನುಗಿದ ನೀರು ಬಾಯಿಯ ಹತ್ತಿರ ಸಣ್ಣ ಗುಂಡಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಕಪ್ಪು ಪೈಪು ಮನೆಯ ಟ್ಯಾಂಕಿಗೆ. ಬೇಸಿಗೆಯಲ್ಲಿ ತರಗೆಲೆಯೋ ಏಡಿಯೋ ಪೈಪಿನ ಬಾಯಿಗೆ ಸಿಕ್ಕಿಕೊಂಡು ನೀರು ನಿಲ್ಲುತ್ತಿತ್ತು. ದಿನವೂ ಬೆಳಗ್ಗೆ ಯಾರಾದರೂ ಅರ್ಧ ಗಂಟೆ ಹತ್ತಿ ಹೋಗಿ ಅದನ್ನು ಬಿಡಿಸಿ ಬರಬೇಕು. ನಲುವತ್ತು ವರ್ಷ ಆ ಕೆಲಸ ಮಾಡಿದ್ದು ನನ್ನ ಮಾವ. ನಾನು ಬಂದ ಮೊದಲ ಬೇಸಿಗೆಯಲ್ಲೇ ಅವರ ಬಲ ಮಂಡಿ ಕೈಕೊಟ್ಟಿತು. ಕಾಞಂಗಾಡಿನ ಡಾಕ್ಟರು ಇನ್ನು ಗುಡ್ಡ ಹತ್ತುವ ಮಾತೇ ಇಲ್ಲ, ಹತ್ತಿದರೆ ಮತ್ತೆ ನಡೆಯುವುದೇ ಕಷ್ಟ ಎಂದುಬಿಟ್ಟರು. ಗಂಡ ಆರು ಗಂಟೆಯ ಬಸ್ಸಿಗೆ ಕೆಲಸಕ್ಕೆ ಹೋಗುವವರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಉಳಿದವಳು ನಾನೊಬ್ಬಳೇ. ನಾನು ಹೋಗದಿದ್ದರೆ ಮಾವ ಹೊರಡುತ್ತಾರೆ, ಅದರಲ್ಲಿ ಸಂಶಯ ಇರಲಿಲ್ಲ.

"ಹೋಗುವುದಕ್ಕೆ ಎಂತ ಉಂಟು? ದಾರಿ ಸಲೀಸು. ಕರಡಿ ಒಂದು ಉಂಟು ಅಷ್ಟೆ," ಎಂದರು ಮಾವ. ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ ಎನ್ನುವಷ್ಟೇ ತಣ್ಣಗೆ.

ಅವರು ಜಗಲಿಯಲ್ಲಿ ಕಾಲು ನೀಡಿ ಕುಳಿತು ಪಾಠ ಶುರು ಮಾಡಿದರು. ಕರಡಿಗೆ ಕಣ್ಣು ಮಂದ. ತಿನ್ನುವುದರಲ್ಲಿ ಮುಳುಗಿದರೆ ಕಿವಿಯೂ ಅಷ್ಟಕ್ಕಷ್ಟೆ. ನಾವು ತೀರಾ ಹತ್ತಿರ ಹೋಗಿ ನಿಂತಾಗ ಅದು ಹೆದರುತ್ತದೆ, ಹೆದರಿದ್ದಕ್ಕೇ ಮೈಮೇಲೆ ಬರುತ್ತದೆ. ಹಾಗಾಗಿ ದೂರದಿಂದಲೇ ನಾವು ಬರುತ್ತಿದ್ದೇವೆ ಎಂದು ತಿಳಿಸಬೇಕು. ಎದುರಾದರೆ ಓಡಬಾರದು, ಬೆನ್ನು ಹಾಕಬಾರದು, ಮರ ಹತ್ತುವ ಯೋಚನೆ ಬೇಡ, ಅದು ನಮಗಿಂತ ಚೆನ್ನಾಗಿ ಹತ್ತುತ್ತದೆ. ಮೆಲ್ಲ ಮಾತಾಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಡಬೇಕು. ಸುರಂಗದ ಬಾಯಿಗೆ ನೇರ ಹೋಗಿ ನಿಲ್ಲಬಾರದು. ಬದಿಯಲ್ಲಿ ನಿಂತು ಕೂಗಿ, ಒಳಗೆ ಇದ್ದವರಿಗೆ ಹೊರಬರಲು ದಾರಿ ಬಿಡಬೇಕು.

"ಪ್ರತಿ ತಿರುವಿನಲ್ಲೂ ಒಂದು ಕೂ ಹಾಕು. ನಾನು ಇಲ್ಲಿಂದ ಕೂ ಹಾಕ್ತೇನೆ. ನಿನ್ನ ಸ್ವರ ಕೇಳದಿದ್ದರೆ ಮೇಲೆ ಬರುವುದೇ, ಡಾಕ್ಟರು ಎಂತ ಬೇಕಾದರೂ ಹೇಳಲಿ."

ಕಷ್ಟ ಇದ್ದದ್ದು ಇಲ್ಲೇ. ಹೆಣ್ಣುಮಕ್ಕಳ ಸ್ವರ ಗೇಟು ದಾಟಬಾರದು ಎಂದು ಅಮ್ಮ ನನ್ನನ್ನು ಬೆಳೆಸಿದ್ದಳು. ಬಸ್ಸು ನಿಲ್ಲಿಸಲು ಕೂಡ ನಾನು ಕೈ ಅಡ್ಡ ಹಿಡಿದವಳೇ ಹೊರತು ಬಾಯಿ ತೆರೆದವಳಲ್ಲ. ಅಂಗಳದಲ್ಲಿ ನಿಂತು ಮೊದಲ ಕೂ ಹಾಕಿದೆ. ಪಕ್ಕದಲ್ಲೇ ಮಲಗಿದ್ದ ಬೆಕ್ಕು ಕಣ್ಣು ಕೂಡ ಬಿಡಲಿಲ್ಲ.

"ಕರಡಿಗೆ ಜೋಗುಳ ಹಾಡ್ತೀಯಾ ಮಾರಾಯ್ತಿ? ಹೊಟ್ಟೆಯಿಂದ ತೆಗಿ," ಎಂದರು ಮಾವ.

ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೂರು ಸಲ ಬಿಡದೆ ಕೂಗಿದೆ. ಒಂದು ಕೂ ಎಂದರೆ ಇದ್ದೇನೆ ಎಂದು, ಮೂರು ಕೂ ಎಂದರೆ ಅಪಾಯ, ಓಡಿ ಬನ್ನಿ ಎಂದು ಆ ಕಣಿವೆಯ ಲೆಕ್ಕ. ಅದನ್ನು ಹೇಳಲು ಮಾವ ಮರೆತಿದ್ದರು. ಐದೇ ನಿಮಿಷದಲ್ಲಿ ಎದುರು ಗುಡ್ಡೆಯಿಂದ ನಾಲ್ಕು ಮಂದಿ ಕತ್ತಿ, ದೊಣ್ಣೆ ಹಿಡಿದು ಅಂಗಳಕ್ಕೆ ಇಳಿದರು. ಒಬ್ಬರ ಮುಖದ ಅರ್ಧಕ್ಕೆ ಇನ್ನೂ ಶೇವಿಂಗಿನ ನೊರೆ ಇತ್ತು. "ಎಂತದೂ ಇಲ್ಲ, ಸೊಸೆ ಕಲೀತಾ ಇದ್ದಾಳೆ," ಎಂದರು ಮಾವ, ಹೆಮ್ಮೆಯಿಂದಲೇ. ಎಲ್ಲರಿಗೂ ಚಾ ಮಾಡಿ ಕೊಟ್ಟೆ. ನೊರೆಯವರು ಎರಡು ಲೋಟ ಕುಡಿದು, ಸ್ವರ ಒಳ್ಳೆಯದುಂಟು ಎಂದು ಹೇಳಿ ಹೋದರು.

ಮರುದಿನದಿಂದ ಹೋಗತೊಡಗಿದೆ. ಮೊದಲ ವಾರ ನಡುಗುತ್ತಾ, ಆಮೇಲೆ ಖುಷಿಯಿಂದ. ಗೇರು ಮರಗಳ ನಡುವೆ ಆರು ತಿರುವು. ಒಂದೊಂದಕ್ಕೂ ನಾನು ಕೂ ಎಂದರೆ ಕೆಳಗಿನಿಂದ ದಪ್ಪ ಸ್ವರದ ಕೂ ಬರುತ್ತಿತ್ತು. ಅಷ್ಟು ಗಟ್ಟಿಯಾಗಿ ಕೂಗಿದರೂ ಯಾರೂ ಬಯ್ಯದ ಜಾಗ ಜಗತ್ತಿನಲ್ಲಿ ಒಂದು ಇದೆಯಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಗುತ್ತಿತ್ತು. ಎರಡು ತಿಂಗಳು ಹೀಗೇ ಹೋಯಿತು. ಕರಡಿಯ ಬಾಲವೂ ಕಾಣಲಿಲ್ಲ. ಈ ಮಾವ ಸುಮ್ಮನೆ ಹೆದರಿಸಿದರೋ ಎಂದು ಅನುಮಾನ ಹುಟ್ಟಿತು.

ಅಷ್ಟರಲ್ಲಿ ಗಂಡ ನನಗೊಂದು ಮೊಬೈಲು ತಂದುಕೊಟ್ಟರು. ಎರಡು ಸಾವಿರದ ಏಳೋ ಎಂಟೋ ಇರಬೇಕು. ಮನೆಯಲ್ಲಿ ರೇಂಜ್ ಇಲ್ಲ. ಎರಡನೆಯ ತಿರುವು ದಾಟಿದರೆ ಸಿಗುತ್ತಿತ್ತು. ನಾನು ಅಲ್ಲಿಗೆ ಮುಟ್ಟುವ ಹೊತ್ತನ್ನು ಅಮ್ಮನಿಗೆ ಹೇಳಿಟ್ಟೆ. ಅವಳು ಫೋನಿನಲ್ಲಿದ್ದರೆ ನನ್ನ ಪಾಲಿಗೆ ಬರುವುದು ಹ್ಞೂಂ, ಆಯ್ತು ಮಾತ್ರ, ಉಳಿದದ್ದೆಲ್ಲ ಅವಳದೇ. ಅಮ್ಮನ ಕಿವಿಗೆ ಕೂ ಎಂದು ಅರಚುವುದು ಹೇಗೆ? ಮೊದಲ ದಿನವೇ ಬಾಯಿ ಮುಚ್ಚಿಕೊಂಡು ಹತ್ತಿದೆ. ಚಿಕ್ಕಮ್ಮನ ಮಗಳ ಮದುವೆಯ ಸುದ್ದಿ ಕೇಳುತ್ತಾ ಸುರಂಗದ ಹತ್ತಿರದ ತಿರುವು ದಾಟಿದವಳು ತಲೆ ಎತ್ತಿದೆ. ಇಪ್ಪತ್ತು ಹೆಜ್ಜೆಯಾಚೆ ಹುತ್ತಕ್ಕೆ ಮುಖ ಹೊಗಿಸಿ, ಬುಸ್ ಬುಸ್ ಎಂದು ಗೆದ್ದಲು ಹೀರುತ್ತಾ ಕೂತಿತ್ತು ಕರಡಿ.

"ಕೇಳ್ತಾ ಉಂಟಾ?" ಎಂದಳು ಅಮ್ಮ. ಅವಳ ಸ್ವರಕ್ಕೆ ಸ್ಪೀಕರ್ ಬೇಡ. ಕರಡಿ ಮುಖ ಎತ್ತಿತು. ಮೂತಿಯೆಲ್ಲ ಕೆಂಪು ಮಣ್ಣು.

ಓಡಬಾರದು, ಬೆನ್ನು ಹಾಕಬಾರದು, ಮೆಲ್ಲ ಮಾತಾಡಬೇಕು. ಮಾತು ಎಲ್ಲಿಂದ ಬರಬೇಕು? ನಾಲಗೆಯ ತುದಿಯಲ್ಲಿ ಇದ್ದದ್ದು ಒಂದೇ. "ಆಯ್ತು... ಆಯ್ತು... ಹಾಗೇ ಆಗಲಿ," ಎನ್ನುತ್ತಾ ಒಂದೊಂದೇ ಹೆಜ್ಜೆ ಹಿಂದಿಟ್ಟೆ. ಕರಡಿ ಎರಡು ಕಾಲಲ್ಲಿ ಎದ್ದು ನಿಂತು ಗಾಳಿ ಮೂಸಿತು. ಆಗ ಕೆಳಗಿನಿಂದ ಮಾವನ ಕೂ ಬಂತು, ಯಾವತ್ತಿಗಿಂತ ಹತ್ತಿರದಿಂದ, ಒಡೆದ ಸ್ವರದಲ್ಲಿ. ಕರಡಿ ದಡಬಡಿಸಿ ತಿರುಗಿ ಗುಡ್ಡ ಹತ್ತಿ ಮಾಯವಾಯಿತು. ಮದುವೆಗೆ ಎಂಟು ದಿನ ಮೊದಲೇ ಬಂದು ಅಡುಗೆ ಕೆಲಸಕ್ಕೆ ನಿಲ್ಲುತ್ತೇನೆ ಎಂದು ನಾನು ಅಮ್ಮನಿಗೆ ಮಾತು ಕೊಟ್ಟಿದ್ದೇನೆ ಎಂಬುದು ತಿಳಿದದ್ದು ಆಮೇಲೆ.

ಓಡೋಡಿ ಇಳಿದೆ. ಮೂರನೆಯ ತಿರುವಿನಲ್ಲಿ ಮಾವ ಕಲ್ಲಿನ ಮೇಲೆ ಕೂತಿದ್ದರು. ಕೈಯಲ್ಲಿ ಕೊಡೆ, ಮೈಯೆಲ್ಲ ಬೆವರು. ಏಳಲು ಆಗುತ್ತಿರಲಿಲ್ಲ. ನಾನು ಏದುಸಿರಿನಲ್ಲೇ ಕರಡಿಯ ಕಥೆ ಹೇಳಿದೆ, ನಾಚಿಕೆಯಿಲ್ಲದೆ ಸ್ವಲ್ಪ ಜಂಬದಿಂದಲೇ. ಅವರು ಪೂರ್ತಿ ಕೇಳಿದರು.

"ಈ ದಾರಿಯಲ್ಲಿ ನಲುವತ್ತು ವರ್ಷ ನಡೆದೆ. ಒಂದು ದಿನ ಕರಡಿ ಕಂಡವನಲ್ಲ," ಎಂದರು.

"ನನಗೆ ಎರಡೇ ತಿಂಗಳಲ್ಲಿ ಕಂಡಿತು ನೋಡಿ."

"ಕಂಡಿತು ಅಂದರೆ ನೀನು ಕೂ ಹಾಕಲಿಲ್ಲ ಅಂತ ಲೆಕ್ಕ."

ಹಾಗೆ ಹೇಳಿ ಅವರು ತಮ್ಮ ಮಂಡಿ ನೀವಿಕೊಂಡರು. ಒಂದು ಬಯ್ಗುಳ ಬಂದಿದ್ದರೂ ನನಗೆ ಹಗುರಾಗುತ್ತಿತ್ತು. ಯಾವ ಮಂಡಿಯನ್ನು ಉಳಿಸಲು ನಾನು ದಿನಾ ಗುಡ್ಡ ಹತ್ತುತ್ತಿದ್ದೆನೋ ಅದೇ ಮಂಡಿಯನ್ನು ಮೂರು ತಿರುವು ಹತ್ತಿಸಿದ್ದೆ. ಅವರ ತೋಳು ನನ್ನ ಹೆಗಲಿಗೆ ಹಾಕಿಕೊಂಡು ಮನೆ ಮುಟ್ಟಲು ಒಂದು ಗಂಟೆ ಬೇಕಾಯಿತು. ಹದಿನೈದು ದಿನ ಎಣ್ಣೆ, ಬಿಸಿನೀರಿನ ಶಾಖ. ಕರಡಿ ನೋಡಿದವಳನ್ನು ನೋಡಲು ಬಂದವರಿಗೆಲ್ಲ ಮಾವ ಮಲಗಿದಲ್ಲಿಂದಲೇ ನನ್ನ ಧೈರ್ಯವನ್ನು ಹೊಗಳಿದರು. ಫೋನಿನ ವಿಷಯ ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಕರಡಿ ಕಂಡ ಮರುದಿನವೇ ನಾನು ಗುಡ್ಡಕ್ಕೆ ಹೋದೆ. ಎರಡನೆಯ ತಿರುವು ದಾಟುವಾಗ ಅಮ್ಮನ ಫೋನು ಬಂತು. ಅವಳು ಪಾಯಸದ ಲೆಕ್ಕಕ್ಕೆ ಬರುತ್ತಿದ್ದಂತೆ ಕೆಳಗಿನಿಂದ, ಹಾಸಿಗೆಯಿಂದಲೇ ಹಾಕಿದ್ದು, ಒಂದು ಸಣ್ಣ ಕೂ ಕೇಳಿತು.

"ಅದೆಂತ ಸ್ವರ?"

"ಮಾವ. ನಾನು ಇದ್ದೇನಾ ಅಂತ ಕೇಳ್ತಾ ಇದ್ದಾರೆ. ಉತ್ತರ ಬಾರದಿದ್ದರೆ ಎದ್ದು ಬರ್ತಾರೆ."

ಅಮ್ಮ ಪಾಯಸದ ಲೆಕ್ಕವನ್ನು ಅರ್ಧಕ್ಕೇ ಬಿಟ್ಟಳು. ಅವಳು ಮಾತನ್ನು ಅರ್ಧಕ್ಕೆ ಬಿಟ್ಟದ್ದು ನನಗೆ ನೆನಪಿರುವ ಹಾಗೆ ಅದೇ ಮೊದಲು.

"ಮತ್ತೆ ನನ್ನ ಹತ್ತಿರ ಎಂತ ಮಾತಾಡ್ತಾ ನಿಂತಿದ್ದೀ? ಕೂಗು ಅವರಿಗೆ," ಎಂದಳು. "ಗಟ್ಟಿಯಾಗಿ ಕೂಗು."