ಗಡ್ಡೆಯ ತಲೆ ಮಣ್ಣಿಗೆ

ಮನೆ ಬದಲಿಸುವಾಗ ಗಂಡನಷ್ಟು ನಿರುಪಯುಕ್ತ ಪ್ರಾಣಿ ಮತ್ತೊಂದಿಲ್ಲವೆಂಬ ಸತ್ಯವನ್ನು ಓದುಗ ಮಿತ್ರರು ಸ್ವಾನುಭವದಿಂದಲೇ ಒಪ್ಪಿಯಾರು. ಆಲ್ಕೊಳದ ಬಾಡಿಗೆ ಮನೆಯನ್ನು ಖಾಲಿ ಮಾಡುತ್ತಿದ್ದ ಆ ಭಾನುವಾರ, ಪಾತ್ರೆಯ ಪೆಟ್ಟಿಗೆಗೆ ಪುಸ್ತಕಗಳನ್ನೂ ಪುಸ್ತಕದ ಪೆಟ್ಟಿಗೆಗೆ ಸೌಟುಗಳನ್ನೂ ತುಂಬಿ ಕೃತಾರ್ಥನಾಗಿದ್ದ ನನ್ನನ್ನು ಹೆಂಡತಿ ಲಲಿತ, ಮೊಮ್ಮಗಳು ಇಂಚರಳಿಗೆ ಕಥೆ ಓದುವ ಕೆಲಸಕ್ಕೆ ವರ್ಗಾಯಿಸಿದಳು. ನಾನೂ ಸಂತೋಷದಿಂದಲೇ ಅಧಿಕಾರ ವಹಿಸಿಕೊಂಡೆ.

ಓದಿದ್ದು, ಮಗಳು ಶಂಕರಘಟ್ಟದ ಪುಸ್ತಕ ಮಳಿಗೆಯಿಂದ ತಂದುಕೊಟ್ಟಿದ್ದ ಒಂದು ಚಿತ್ರಪುಸ್ತಕ. ಕಾಡಿನಲ್ಲೇ ಬಾಳಿಬಂದ ಆದಿವಾಸಿ ಹೆಣ್ಣುಮಕ್ಕಳು ಮಕ್ಕಳಿಗೆಂದು ತಾವೇ ಬರೆದು, ಬಣ್ಣ ತುಂಬಿದ್ದು. ಅದರಲ್ಲಿ ಅಜ್ಜಿಯೊಬ್ಬಳು ಕಾಡುಗಡ್ಡೆ ಅಗೆಯುತ್ತಾಳೆ. ಬುಟ್ಟಿಗೆ ಹಾಕುವ ಮೊದಲು ಅದರ ತಲೆಯನ್ನು, ಎಂದರೆ ಮೊಳಕೆಯಿರುವ ಮೇಲ್ಭಾಗವನ್ನು, ಕತ್ತರಿಸಿ ಅದೇ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚುತ್ತಾಳೆ. ಕಥೆ ಇಷ್ಟೇ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಸೈರನ್ನಿಗೆ ಎದ್ದು ಸೈರನ್ನಿಗೆ ಉಂಡು ಬೆಳೆದ ನನ್ನ ಪಾಲಿಗೆ, ಅಪ್ಪ ಓಲ್ಡ್ ಟೌನಿನಿಂದ ತರುತ್ತಿದ್ದ ಚಿತ್ರಪುಸ್ತಕಗಳಲ್ಲಿ ಹಿಮ ಹೊದ್ದ ಮನೆಗಳೂ ಸೇಬಿನ ಮರಗಳೂ ಇದ್ದವೇ ಹೊರತು ಮಣ್ಣು ಮೆತ್ತಿದ ಕೈಯೊಂದೂ ಇರಲಿಲ್ಲ. ಪ್ರಕೃತಿಯೆಂಬುದು ವಿದೇಶದಲ್ಲಿ ಮಾತ್ರ ಸಿಗುವ ವಸ್ತುವೆಂದೇ ನಾನು ಬಹುಕಾಲ ನಂಬಿದ್ದೆ.

ಅಷ್ಟರಲ್ಲಿ ಹಿತ್ತಲಿನಿಂದ ಗುದ್ದಲಿಯ ಸದ್ದು ಕೇಳಿತು. ಮನೆ ಬಿಡಿಸಿದ ಓನರಮ್ಮನೊಂದಿಗೆ ತಿಂಗಳುಗಳಿಂದ ಮಾತು ಬಿಟ್ಟಿದ್ದ ಲಲಿತ, ತಾನು ನೆಟ್ಟು ಬೆಳೆಸಿದ ಸುವರ್ಣಗಡ್ಡೆಯ ಒಂದು ಚೂರನ್ನೂ ಆ ನೆಲದಲ್ಲಿ ಉಳಿಸುವುದಿಲ್ಲವೆಂದು ಪಣ ತೊಟ್ಟಿದ್ದಳು. ಇಂಚರ ಪುಸ್ತಕಸಮೇತ ಓಡಿಹೋಗಿ ಗುಂಡಿಯ ಪಕ್ಕದಲ್ಲಿ ಕುಳಿತೇಬಿಟ್ಟಳು.

"ಅಜ್ಜಿ, ತಲೆ ವಾಪಸ್ ಇಡು."

"ಆ ಓನರಮ್ಮಂಗಾ? ಸುಮ್ನಿರು ಮಾರಾಯ್ತಿ!"

"ಓನರಮ್ಮಂಗಲ್ಲ ಅಜ್ಜಿ, ಮಣ್ಣಿಗೆ."

ನನಗೆ ಅಮ್ಮ ನೆನಪಾದಳು. ಅಪ್ಪ ನಿವೃತ್ತರಾಗಿ ಕ್ವಾರ್ಟರ್ಸ್ ಬಿಟ್ಟ ದಿನ, ಸಾಮಾನು ಹೇರಿದ ಲಾರಿ ಹಾರನ್ ಹೊಡೆಯುತ್ತಿದ್ದರೂ ಅವಳು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಕೆಸವಿನ ಗಡ್ಡೆ ಹೂಳುತ್ತಿದ್ದಳು. "ಯಾರಿಗಮ್ಮ?" ಎಂದರೆ, "ಬರೋರಿಗೆ ಕಣೋ" ಎಂದಳು. ಬರುವವರು ತಮಿಳಿನವರಂತೆ ಎಂಬುದಷ್ಟೇ ನಮಗೆ ಗೊತ್ತಿತ್ತು, ಅವರ ಹೆಸರೂ ತಿಳಿದಿರಲಿಲ್ಲ. ಅಮ್ಮ ಹೋಗಿ ವರ್ಷಗಳಾದವು. ಅವಳ ಈ ಗಡ್ಡೆಯ ಕಥೆಯನ್ನು ಲಲಿತಳಿಗೂ ಹೇಳಿದೆ.

ಅವಳು ಗಡ್ಡೆಯ ತಲೆ ಕತ್ತರಿಸಿ ಗುಂಡಿಯಲ್ಲಿಟ್ಟು, ಒಲ್ಲದ ಮನಸ್ಸಿನಿಂದ ಕಾಲಲ್ಲೇ ಮಣ್ಣೆಳೆದಳು. ಎರಡು ಹೆಜ್ಜೆ ಹೋದವಳು ಹಿಂದಿರುಗಿ ಬಂದು, ಕೂತು, ಕೈಯಿಂದ ಮಣ್ಣನ್ನು ಸರಿಮಾಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಮಹಡಿ ಹತ್ತಿ ಓನರಮ್ಮನ ಬಾಗಿಲು ತಟ್ಟಿದಳು.

"ಹಿತ್ಲಲ್ಲಿ ಸುವರ್ಣಗಡ್ಡೆ ಇಟ್ಟಿದೀನಿ. ಮಳೆ ಬಿದ್ಮೇಲೆ ಚಿಗುರುತ್ತೆ, ಕಳೆ ಅಂತ ಕಿತ್ತುಬಿಡ್ಬೇಡಿ," ಎಂದದ್ದು ಕೆಳಗೆ ನಿಂತ ನಮ್ಮಿಬ್ಬರಿಗೂ ಕೇಳಿಸಿತು.